ಮಂತ್ರದ ನಾಡು, ನಕ್ಷತ್ರದ ನಾಡು: ನಂಟುಳ್ಳ ಎರಡು ಗೇಮ್ ಲೋಕಗಳ ಲೋರ್ ತಾಳೆ ತಪ್ಪದಂತೆ ಕಟ್ಟುವ ಬಗೆ

1999ರಲ್ಲಿ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆಯು ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಗೇಮ್‌ನ ವಿಸ್ತರಣೆಗಾಗಿ ‘ಫೋರ್ಜ್’ ಎಂಬ ಹೊಸ ಪಟ್ಟಣವನ್ನು ಪ್ರಕಟಿಸಿತು. ಡ್ರ್ಯಾಗನ್, ದೇವದೂತ, ಮಾಟಗಾರರ ಸಾಲಿಗೆ ಯಂತ್ರ ಮತ್ತು ಬಂದೂಕುಗಳ ಸೇನೆಯೊಂದು ಬಂದು ನಿಲ್ಲುವುದನ್ನು ಕಂಡ ಅಭಿಮಾನಿಗಳು ರೊಚ್ಚಿಗೆದ್ದರು. ಕೊನೆಗೆ ಸಂಸ್ಥೆ ಆ ಪಟ್ಟಣವನ್ನೇ ಕೈಬಿಟ್ಟು, ಗಾಳಿ, ನೀರು, ಬೆಂಕಿ, ಮಣ್ಣುಗಳ ಜೀವಿಗಳಿರುವ ‘ಕಾನ್‌ಫ್ಲಕ್ಸ್’ ಎಂಬ ಬೇರೊಂದು ಪಟ್ಟಣವನ್ನು ಕೊಟ್ಟಿತು. ಸೋಜಿಗವೆಂದರೆ ಲೋರ್‌ನ, ಅಂದರೆ ಗೇಮ್ ಲೋಕದ ಹಿನ್ನೆಲೆ ಕಥೆ-ಇತಿಹಾಸಗಳ, ಲೆಕ್ಕದಲ್ಲಿ ಫೋರ್ಜ್ ತಪ್ಪಾಗಿರಲೇ ಇಲ್ಲ. ‘ಹೀರೋಸ್’ಗೆ ಮೂಲವಾದ ‘ಮೈಟ್ ಅಂಡ್ ಮ್ಯಾಜಿಕ್’ ಸರಣಿಯ 1986ರ ಮೊದಲ ಗೇಮ್‌ನಿಂದಲೂ ಅದರ ಮಾಂತ್ರಿಕ ನಾಡುಗಳು ‘ಏನ್ಷಿಯಂಟ್ಸ್’ ಎಂಬ ಮುಂದುವರಿದ ಜನಾಂಗ ಬಾಹ್ಯಾಕಾಶದಲ್ಲಿ ನಿರ್ಮಿಸಿದ ಲೋಕಗಳೆಂಬುದು ಮೂಲ ಕಥೆಯ ತಿರುಳಾಗಿತ್ತು. 1999ರಲ್ಲೇ ಬಂದ ಆ ಸರಣಿಯ ಏಳನೆಯ ಗೇಮ್‌ನ ಒಂದು ಅಂತ್ಯದಲ್ಲಿ ದುಷ್ಟ ಪಕ್ಷದವರು ಅಂಥ ಯಂತ್ರಾಸ್ತ್ರಗಳ ಕಮ್ಮಟವನ್ನು ವಶಪಡಿಸಿಕೊಳ್ಳುವುದೂ ಇತ್ತು. ಆದರೆ ‘ಹೀರೋಸ್’ ಆಡುತ್ತಿದ್ದವರಲ್ಲಿ ಅನೇಕರು ಆ ಇನ್ನೊಂದು ಸರಣಿಯನ್ನು ಮುಟ್ಟಿರಲಿಲ್ಲ. ಅವರ ಪಾಲಿಗೆ ಅದು ತಮ್ಮ ಲೋಕಕ್ಕೆ ಹೊರಗಿನವರು ಮಾಡಿದ ಅತಿಕ್ರಮಣವಾಗಿ ಕಂಡಿತು.

ಒಂದು ಫ್ಯಾಂಟಸಿ ಗೇಮ್ ಮತ್ತು ಒಂದು ವೈಜ್ಞಾನಿಕ ಕಥೆಯ ಗೇಮ್ ಒಂದೇ ಬೇರಿನಿಂದ ಹುಟ್ಟಿದಾಗ ಎದುರಾಗುವ ತೊಡಕು ಕೇವಲ ಇಸವಿ, ಹೆಸರು, ವಂಶಾವಳಿಗಳು ಹೊಂದುವುದಕ್ಕೆ ಸಂಬಂಧಿಸಿದ್ದಲ್ಲ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಕೆಲಸದ ಮುಖ್ಯ ನಿಯಮ ಒಂದೇ: ಎರಡು ಲೋಕಗಳು ಹಂಚಿಕೊಳ್ಳುವ ಸಂಗತಿಗಳನ್ನು ಆದಷ್ಟು ಕಡಿಮೆ ಇಟ್ಟುಕೊಂಡು, ಆ ಕೆಲವನ್ನು ಮಾತ್ರ ಕಟ್ಟುನಿಟ್ಟಾಗಿ ಕಾಯಬೇಕು, ಉಳಿದದ್ದನ್ನು ಆಯಾ ಲೋಕದ ಪಾತ್ರಗಳ ಬಾಯಿಗೆ ಬಿಟ್ಟುಬಿಡಬೇಕು. ಕೆಳಗಿನ ಹೆಜ್ಜೆಗಳನ್ನು ಈ ನಿಯಮದ ಸುತ್ತ ಹೆಣೆಯಲಾಗಿದೆ. ಸ್ಟುಡಿಯೊದಲ್ಲಿ ಕಥಾ ವಿಭಾಗದಲ್ಲಿ ದುಡಿಯುವವರಿಗೂ, ನಾಲ್ಕೈದು ಗೆಳೆಯರನ್ನು ಕೂಡಿಸಿಕೊಂಡು ಮನೆಯಲ್ಲಿ ಟೇಬಲ್‌ಟಾಪ್ ಅಭಿಯಾನ (ಮೇಜಿನ ಸುತ್ತ ಕೂತು ಕಂತುಗಳಲ್ಲಿ ಆಡುವ ಕಥೆಯಾಟ) ನಡೆಸುವವರಿಗೂ ಇವು ಸಮಾನವಾಗಿ ಒದಗುತ್ತವೆ. ಬೇರೆಯಾಗುವುದು ಕಡತಗಳ ಗಾತ್ರ ಮಾತ್ರ.

ವಿವರಿಸಲು ಅನುಕೂಲವಾಗಲೆಂದು ಒಂದು ಕಾಲ್ಪನಿಕ ಜೋಡಿಯನ್ನು ಇಟ್ಟುಕೊಳ್ಳೋಣ. ಮೊದಲನೆಯದು ‘ಕರಿಹೊಳೆ’ ಎಂಬ ಫ್ಯಾಂಟಸಿ ಗೇಮ್. ಅದರಲ್ಲಿ ‘ನುಡಿಗಲ್ಲು’ ಎಂಬ ಶಿಲೆಗೆ ಕಿವಿಯಿಟ್ಟರೆ ಸತ್ತ ಹಿರಿಯರ ಮಾತು ಕೇಳಿಸುತ್ತದೆ, ಪೂಜಾರಿಗಳು ಅದನ್ನು ಕಾಯುತ್ತಾರೆ. ಎರಡನೆಯದು ‘ಏಳನೇ ಕಕ್ಷೆ’ ಎಂಬ ವೈಜ್ಞಾನಿಕ ಕಥೆಯ ಗೇಮ್. ಅದರಲ್ಲಿ ಗಣಿ ಕಂಪನಿಗಳು ಅದೇ ಶಿಲೆಯನ್ನು ಕ್ಷುದ್ರಗ್ರಹಗಳಿಂದ ಅಗೆದು ತೆಗೆದು, ದತ್ತಾಂಶ ಕೂಡಿಡುವ ಖನಿಜವೆಂದು ಮಾರುತ್ತವೆ.

ಒಂದನೆಯ ಹೆಜ್ಜೆ: ನಂಟಿನ ಸ್ವರೂಪವನ್ನು ತೀರ್ಮಾನಿಸುವುದು

ಒಂದು ಸಾಲಿನ ಕಥೆ ಬರೆಯುವುದಕ್ಕೂ ಮೊದಲು ಎರಡು ಲೋಕಗಳಿಗೆ ಏನು ಸಂಬಂಧ ಎಂಬ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಬರೆದಿಡಬೇಕು. ಉತ್ತರಗಳು ಸಾಮಾನ್ಯವಾಗಿ ನಾಲ್ಕು ಬಗೆ: ಒಂದೇ ನೆಲ, ಬೇರೆ ಕಾಲ; ಒಂದೇ ಕಾಲ, ಬೇರೆ ಗ್ರಹ; ಬೇರೆ ಬೇರೆ ವಿಶ್ವಗಳು, ಆದರೆ ಎರಡಕ್ಕೂ ತಾಗಿಕೊಂಡ ಮೂರನೆಯ ತಾಣವೊಂದು; ಅಥವಾ ಯಾವ ಭೌತಿಕ ನಂಟೂ ಇಲ್ಲದೆ ಹೆಸರು, ಚಿಹ್ನೆ, ಪುರಾಣಗಳ ಪ್ರತಿಧ್ವನಿ ಮಾತ್ರ. ಇವುಗಳಲ್ಲಿ ಯಾವುದೂ ಮೇಲಲ್ಲ, ಕೀಳಲ್ಲ. ತೀರ್ಮಾನವನ್ನು ಮುಂದಕ್ಕೆ ಹಾಕುವುದು ಮಾತ್ರ ದುಬಾರಿ.

ಈ ವಿಷಯದಲ್ಲಿ ಎಲ್ಲರೂ ಓದಿಕೊಳ್ಳಬೇಕಾದ ಉದಾಹರಣೆ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯ, ಪುಟ್ಟ ಬೊಂಬೆಗಳ ಸೇನೆಗಳಿಂದ ಮೇಜಿನ ಮೇಲೆ ಆಡುವ ವಾರ್‌ಹ್ಯಾಮರ್. 1983ರಲ್ಲಿ ‘ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್’ ಬಂದಿತು; 1987ರಲ್ಲಿ ರಿಕ್ ಪ್ರೀಸ್ಟ್ಲಿ ಬರೆದ ‘ವಾರ್‌ಹ್ಯಾಮರ್ 40,000: ರೋಗ್ ಟ್ರೇಡರ್’ ಎಂಬ ಬಾಹ್ಯಾಕಾಶದ ಆಟ (ಮುಂದೆ ಚಿಕ್ಕದಾಗಿ ‘40,000’) ಬಂದಿತು. ಎಲ್ಫ್, ಆರ್ಕ್, ಕುಳ್ಳರು ಮೊದಲಾದ ಜನಾಂಗಗಳು ಫ್ಯಾಂಟಸಿಯಿಂದ ಬಾಹ್ಯಾಕಾಶಕ್ಕೆ ಬೇರೆ ವೇಷದಲ್ಲಿ ನೆಗೆದವು. ಕಪ್ಪೆಮೊಗದ ‘ಸ್ಲಾನ್’ ಜನಾಂಗವಂತೂ ಎರಡೂ ಕಡೆ ಪುರಾತನ ನಕ್ಷತ್ರಯಾನಿಗಳ ಕುರುಹಾಗಿ ಕಾಣಿಸಿಕೊಂಡಿತು. ಆ ಮೊದಲ ವರ್ಷಗಳಲ್ಲಿ ಫ್ಯಾಂಟಸಿಯ ಲೋಕವು 40,000ದ ನಕ್ಷತ್ರಪುಂಜದೊಳಗಿನ ಯಾವುದೋ ಮರೆತುಹೋದ ಗ್ರಹವಿರಬಹುದೆಂಬ ಸೂಚನೆಗಳಿದ್ದವು. ನಂತರ ಸಂಸ್ಥೆ ಆ ದಾರಿಯಿಂದ ಹಿಂದೆ ಸರಿದು, ಎರಡನ್ನೂ ಬೇರೆ ಬೇರೆ ಲೋಕಗಳಾಗಿ ನಡೆಸಿಕೊಂಡು ಬಂದಿತು. ಉಳಿದ ಗಟ್ಟಿ ಕೊಂಡಿ ಒಂದೇ, ಅದು ಕೇಯಾಸ್. ಖೋರ್ನ್, ನರ್ಗಲ್, ಟ್ಸೀಂಚ್, ಸ್ಲಾನೆಶ್ ಎಂಬ ನಾಲ್ಕು ಕರಾಳ ದೈವಗಳು ಎರಡೂ ಲೋಕಗಳಲ್ಲಿ ಇದ್ದಾರೆ. 1988 ಮತ್ತು 1990ರಲ್ಲಿ ಬಂದ ‘ರೆಲ್ಮ್ ಆಫ್ ಕೇಯಾಸ್’ನ ಎರಡು ಸಂಪುಟಗಳನ್ನು ಎರಡೂ ಆಟಗಳಿಗೆ ಬಳಸುವಂತೆಯೇ ಬರೆಯಲಾಗಿತ್ತು. 2008ರಲ್ಲಿ ದೆವ್ವಗಳ ಸೇನಾಪುಸ್ತಕಗಳು ಎರಡೂ ಆಟಗಳಿಗೆ ಜೊತೆಜೊತೆಯಾಗಿ ಬಂದಾಗ ಸ್ಕಾರ್‌ಬ್ರಾಂಡ್, ಕೈರೋಸ್ ಫೇಟ್‌ವೀವರ್‌ನಂಥ ಪಾತ್ರಗಳು ಎರಡರಲ್ಲೂ ಅದೇ ಹೆಸರಿನಲ್ಲಿ ಇದ್ದವು.

ಅಂದರೆ ವಾರ್‌ಹ್ಯಾಮರ್ ಎರಡನೆಯ ಬಗೆಯಂತೆ ಆರಂಭವಾಗಿ, ಮೂರನೆಯ ಬಗೆಯಲ್ಲಿ ಬಂದು ನಿಂತಿತು. ಈ ಬದಲಾವಣೆ ಬಾಳಿಕೆ ಬಂದದ್ದಕ್ಕೆ ಒಂದು ಕಾರಣವಿದೆ: ಹಂಚಿಕೊಂಡ ತಾಣವಾದ ಕೇಯಾಸ್‌ನ ಲೋಕದಲ್ಲಿ ಕಾಲ ನೇರವಾಗಿ ಹರಿಯುವುದಿಲ್ಲ. 40,000ದ ಕಥೆಯಲ್ಲಿ ಬಾಹ್ಯಾಕಾಶದ ಎಲ್ಫ್‌ಗಳಾದ ಎಲ್ಡರ್ ಜನಾಂಗದ ಭೋಗಲಾಲಸೆಯಿಂದ ಸ್ಲಾನೆಶ್ ಹುಟ್ಟಿದ್ದು ಒಂದು ನಿರ್ದಿಷ್ಟ ಯುಗದಲ್ಲಿ. ಫ್ಯಾಂಟಸಿಯಲ್ಲಿ ಅದೇ ದೈವಕ್ಕೆ ಬೇರೆಯೇ ಹಿನ್ನೆಲೆಯ ಬೇರೆಯೇ ಭಕ್ತರಿದ್ದಾರೆ. ಭೂಗೋಳವನ್ನು ಹಂಚಿಕೊಂಡಿದ್ದರೆ ಇದು ಬಗೆಹರಿಯದ ವಿರೋಧವಾಗುತ್ತಿತ್ತು. ಕಾಲದ ಹಂಗಿಲ್ಲದ ತಾಣವನ್ನು ಹಂಚಿಕೊಂಡಿದ್ದರಿಂದ ವಿರೋಧವೇ ಆ ತಾಣದ ಗುಣವಾಗಿಬಿಟ್ಟಿತು.

ನಮ್ಮ ಜೋಡಿಗೆ ಉತ್ತರ ಹೀಗಿರಲಿ: ‘ಒಂದೇ ಸೂರ್ಯಮಂಡಲ, ನಡುವೆ 3,000 ವರ್ಷಗಳ ಅಂತರ.’ ಇದು ಅತ್ಯಂತ ಕಠಿಣವಾದ ಬಗೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಹಿಂದಿನ ಗೇಮ್‌ನ ಪ್ರತಿಯೊಂದು ಬೆಟ್ಟಕ್ಕೂ ಮುಂದಿನ ಗೇಮ್‌ನಲ್ಲಿ ಲೆಕ್ಕ ಕೊಡಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಬೆಸುಗೆಯ ಹಾಳೆ

ಎರಡು ಲೋಕಗಳು ಕೂಡುವ ಜಾಗವನ್ನು ಬೆಸುಗೆ ಎಂದು ಕರೆಯೋಣ. ಬೆಸುಗೆಗೆಂದೇ ಒಂದು ಪ್ರತ್ಯೇಕ ದಾಖಲೆ ಇರಬೇಕು, ಅದು ಒಂದು ಹಾಳೆಯನ್ನು ಮೀರಬಾರದು. ಅದರಲ್ಲಿ ಮೂರು ಸಂಗತಿಗಳಿರಲಿ: ಒಂದು ಲೋಕದಿಂದ ಇನ್ನೊಂದಕ್ಕೆ ಏನೇನು ದಾಟಬಹುದು, ಏನು ಎಂದಿಗೂ ದಾಟಕೂಡದು, ದಾಟುವುದಕ್ಕೆ ತೆರಬೇಕಾದ ಬೆಲೆಯೇನು.

ಮೂರನೆಯದೇ ಮುಖ್ಯ. ಮಂತ್ರ ಮತ್ತು ತಂತ್ರಜ್ಞಾನಗಳನ್ನು ಒಂದೇ ಮೂಲಕ್ಕೆ ಕಟ್ಟುವ ಬರಹಗಾರರು ಹೆಚ್ಚಾಗಿ ಶಕ್ತಿಯನ್ನು ವಿವರಿಸುವುದರಲ್ಲಿ ಪುಟಗಳನ್ನು ಕಳೆಯುತ್ತಾರೆ. ‘ಮಂತ್ರವೆಂದರೆ ನಿಜವಾಗಿ ನ್ಯಾನೋ ಯಂತ್ರಗಳು’ ಎಂಬಂಥ ವಿವರಣೆಯನ್ನು ನಾವೆಲ್ಲ ಬೇಸರವಾಗುವಷ್ಟು ಓದಿದ್ದೇವೆ. ಆಟಗಾರನ ಮನಸ್ಸಿನಲ್ಲಿ ಎರಡು ಲೋಕಗಳನ್ನು ಬೆಸೆಯುವುದು ಅದಕ್ಕಿಂತ ಹೆಚ್ಚಾಗಿ ಬೆಲೆಯ ಸಮಾನತೆ. ‘ಕರಿಹೊಳೆ’ಯಲ್ಲಿ ನುಡಿಗಲ್ಲಿಗೆ ಕಿವಿಯಿಟ್ಟವರು ಪ್ರತಿ ಸಲವೂ ತಮ್ಮ ಸ್ವಂತದ ಒಂದು ನೆನಪನ್ನು ಕಳೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿನ ಪೂಜಾರಿ ಇದನ್ನು ಹರಕೆ ಎನ್ನುತ್ತಾನೆ. ‘ಏಳನೇ ಕಕ್ಷೆ’ಯ ವೈದ್ಯೆ ಇದನ್ನು ಗಣಿ ಕಾರ್ಮಿಕರ ಔದ್ಯೋಗಿಕ ರೋಗ ಎನ್ನುತ್ತಾಳೆ, ಕಂಪನಿಯ ವಕೀಲ ಅಂಥ ರೋಗವೇ ಇಲ್ಲ ಎನ್ನುತ್ತಾನೆ. ವಿವರಣೆಗಳು ಮೂರಾದರೂ ಬೆಲೆ ಒಂದೇ. ಎರಡನ್ನೂ ಆಡಿದವನಿಗೆ ಯಾರೂ ಬಿಡಿಸಿ ಹೇಳದೆಯೇ ನಂಟು ಹೊಳೆಯುತ್ತದೆ, ಒಂದನ್ನು ಮಾತ್ರ ಆಡಿದವನಿಗೆ ಕಥೆಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಎರಡನೆಯ ಪಟ್ಟಿಯನ್ನು ಹಗುರವಾಗಿ ಕಾಣಬೇಡಿ. ‘ಜೀವಂತ ಪಾತ್ರ ಯಾವುದೂ ದಾಟುವುದಿಲ್ಲ’, ‘ಹಾರಾಟದ ಯಂತ್ರ ಹಿಂದಿನ ಕಾಲಕ್ಕೆ ಬರುವುದಿಲ್ಲ’ ಎಂಬಂಥ ನಿಷೇಧಗಳೇ ಮುಂದೆ ಮಾರಾಟ ವಿಭಾಗದವರು ‘ಜನಪ್ರಿಯ ಖಳನಾಯಕನನ್ನು ಇದರಲ್ಲೂ ತರೋಣ’ ಎಂದಾಗ ನಿಮ್ಮ ಕೈಯಲ್ಲಿರುವ ಆಧಾರ. ಹಾಗೆ ತರಲೇಬೇಕಾದರೆ, ವಾರ್‌ಕ್ರಾಫ್ಟ್, ಸ್ಟಾರ್‌ಕ್ರಾಫ್ಟ್ ಗೇಮ್‌ಗಳ ಸಂಸ್ಥೆಯಾದ ಬ್ಲಿಜಾರ್ಡ್ 2015ರಲ್ಲಿ ಮಾಡಿದಂತೆ ಬೇರೆಯೇ ಅಂಗಳವೊಂದನ್ನು ಕಟ್ಟುವುದು ಲೇಸು: ‘ಹೀರೋಸ್ ಆಫ್ ದ ಸ್ಟಾರ್ಮ್’ ಗೇಮ್‌ನಲ್ಲಿ ವಾರ್‌ಕ್ರಾಫ್ಟ್‌ನ ಮಾಂತ್ರಿಕರೂ ಸ್ಟಾರ್‌ಕ್ರಾಫ್ಟ್‌ನ ಬಾಹ್ಯಾಕಾಶ ಸೈನಿಕರೂ ‘ನೆಕ್ಸಸ್’ ಎಂಬಲ್ಲಿ ಸೆಣಸುತ್ತಾರೆ, ಅಲ್ಲಿ ನಡೆದದ್ದು ಯಾವ ಮೂಲ ಕಥೆಗೂ ಅಂಟುವುದಿಲ್ಲ.

ಮೂರನೆಯ ಹೆಜ್ಜೆ: ಕಾಲದ ಲೆಕ್ಕ

ಪ್ರತಿ ಲೋಕದ ಜನರಿಗೂ ಅವರದೇ ಪಂಚಾಂಗವಿರಲಿ, ಆದರೆ ನಿಮ್ಮ ಕಡತದಲ್ಲಿ ಎಲ್ಲವನ್ನೂ ಒಂದೇ ಸೊನ್ನೆಯಿಂದ ಎಣಿಸಬೇಕು. ವಾರ್‌ಹ್ಯಾಮರ್ ಫ್ಯಾಂಟಸಿಯಲ್ಲಿ ಮನುಷ್ಯರ ಸಾಮ್ರಾಜ್ಯ ಸಿಗ್ಮಾರ್‌ನ ಪಟ್ಟಾಭಿಷೇಕದಿಂದ ವರ್ಷ ಎಣಿಸಿದರೆ ಎಲ್ಫ್‌ಗಳಿಗೂ ಕುಳ್ಳರಿಗೂ ಬೇರೆ ಬೇರೆ ಗಣನೆಗಳಿವೆ. ಕಥೆಗೆ ಅದು ಸೊಗಸು, ಬರಹಗಾರನಿಗೆ ಪರಿವರ್ತನೆಯ ಕೋಷ್ಟಕವಿಲ್ಲದಿದ್ದರೆ ನರಕ. ಸ್ಪ್ರೆಡ್‌ಶೀಟ್‌ನ ಒಂದು ಕಾಲಂನಲ್ಲಿ ಮೂಲ ವರ್ಷ, ಪಕ್ಕದ ಕಾಲಂಗಳಲ್ಲಿ ಸೂತ್ರದ ಮೂಲಕ ತಾವಾಗಿಯೇ ಬರುವ ಆಯಾ ಪಂಚಾಂಗದ ವರ್ಷ, ಇಷ್ಟಿದ್ದರೆ ಸಾಕು.

ಇನ್ನೊಂದು ಕಾಲಂ ಸೇರಿಸಿ: ಈ ದಿನಾಂಕ ಎಷ್ಟು ಖಚಿತ ಎಂಬುದು. ಈ ಉಪಾಯವನ್ನು 40,000 ತನ್ನ ಕಥೆಯೊಳಗೇ ತಂದುಕೊಂಡಿದೆ. ಅಲ್ಲಿನ ಸಾಮ್ರಾಜ್ಯದ ದಿನಾಂಕದ ಮೊದಲ ಅಂಕಿಯು ದಿನವನ್ನಾಗಲಿ ವರ್ಷವನ್ನಾಗಲಿ ಹೇಳುವುದಿಲ್ಲ, ಖಾತರಿಯ ಮಟ್ಟವನ್ನು ಹೇಳುತ್ತದೆ. 0 ಎಂದರೆ ಭೂಮಿಯಲ್ಲೇ ನಡೆದ, ಸಂಶಯವಿಲ್ಲದ ಘಟನೆ; ಅಂಕಿ ಏರಿದಂತೆ ನಂಬಿಕೆ ಇಳಿಯುತ್ತದೆ; 9 ಎಂದರೆ ಬರಿಯ ಅಂದಾಜು. ಅದರ ನಂತರ ವರ್ಷದ ಸಾವಿರದಲ್ಲೊಂದು ಭಾಗ, ವರ್ಷ, ಸಹಸ್ರಮಾನಗಳು ಬರುತ್ತವೆ. ನಕ್ಷತ್ರಗಳ ನಡುವಿನ ಪಯಣದಲ್ಲಿ ಕಾಲವೇ ಏರುಪೇರಾಗುವ ಲೋಕದಲ್ಲಿ ಇದಕ್ಕಿಂತ ಜಾಣತನದ ಏರ್ಪಾಡನ್ನು ನಾನು ಕಂಡಿಲ್ಲ. ಎಲ್ಲೋ ಎರಡು ಪುಸ್ತಕಗಳು ಒಂದು ಯುದ್ಧಕ್ಕೆ ಬೇರೆ ಬೇರೆ ವರ್ಷ ಕೊಟ್ಟರೆ ಲೋಕವೇನೂ ಕುಸಿಯುವುದಿಲ್ಲ.

ಅಂಥ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಹೇಲೋ ಸರಣಿಯನ್ನು ನೋಡಬಹುದು. ರೀಚ್ ಎಂಬ ಗ್ರಹದ ಪತನವನ್ನು 2001ರ ಕಾದಂಬರಿಯೊಂದು ಒಂದು ರೀತಿಯಲ್ಲಿ, ಅತಿ ಕಡಿಮೆ ಅವಧಿಯಲ್ಲಿ ಮುಗಿಸಿತ್ತು. 2010ರ ‘ಹೇಲೋ: ರೀಚ್’ ಗೇಮ್ ಅದೇ ಪತನವನ್ನು ವಾರಗಟ್ಟಲೆ ಹಿಗ್ಗಿಸಿತು. ಗೇಮ್‌ಗೆ ಆ ಅವಧಿ ಬೇಕಾಗಿತ್ತು, ಕಾದಂಬರಿಗೆ ಆ ವೇಗ ಬೇಕಾಗಿತ್ತು. ಎರಡನ್ನೂ ಹೊಂದಿಸುವ ಕೆಲಸ ಆಮೇಲೆ ಬಂದವರ ತಲೆಗೆ ಬಿತ್ತು. ಇದರಿಂದ ಕಲಿಯಬೇಕಾದದ್ದು ಇಷ್ಟು: ದೊಡ್ಡ ಘಟನೆಗಳಿಗೆ ಒಂದೇ ದಿನಾಂಕದ ಬದಲು ಆರಂಭ, ಉತ್ಕರ್ಷ, ಅಂತ್ಯ ಎಂಬ ಮೂರು ದಿನಾಂಕಗಳನ್ನು ಕೊಟ್ಟು ನಡುವೆ ಜಾಗ ಬಿಟ್ಟಿರಬೇಕು.

ನಾಲ್ಕನೆಯ ಹೆಜ್ಜೆ: ಕಡತ

ವಿಕಿಯೊಂದರಲ್ಲಿ ಉದ್ದುದ್ದ ಪ್ರಬಂಧಗಳನ್ನು ಬರೆದು ಅದನ್ನೇ ಲೋರ್ ಎಂದು ಕರೆಯುವುದು ವಾಡಿಕೆ. ಓದುವುದಕ್ಕೆ ಅದು ಹಿತ, ಪರಿಶೀಲನೆಗೆ ಅಯೋಗ್ಯ. ತಾಳೆ ನೋಡಬೇಕಾದರೆ ಒಂದು ಸಂಗತಿಗೆ ಒಂದು ಸಾಲು ಎಂಬ ಶಿಸ್ತು ಬೇಕು. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ, ಸಂಗತಿ, ಅದು ಯಾವ ಗೇಮ್‌ನ ಯಾವ ದೃಶ್ಯದಲ್ಲಿ ಬಂದಿದೆ, ಯಾರ ಬಾಯಿಂದ ಬಂದಿದೆ, ಆಟಗಾರ ಅದನ್ನು ಕಣ್ಣಾರೆ ಕಂಡನೋ ಕಿವಿಯಾರೆ ಕೇಳಿದನೋ, ಅದನ್ನು ನೆಚ್ಚಿಕೊಂಡಿರುವ ಇತರ ಸಾಲುಗಳ ಸಂಖ್ಯೆ, ಅದನ್ನು ಬದಲಿಸುವ ಅಧಿಕಾರ ಯಾರದು ಎಂಬ ವಿವರಗಳು ಬೇಕು. ‘ನುಡಿಗಲ್ಲು ಆಕಾಶದಿಂದ ಬಿದ್ದದ್ದು’ ಎಂಬ ಸಾಲು ‘ಕರಿಹೊಳೆ’ಯಲ್ಲಿ ಒಬ್ಬ ಪೂಜಾರಿಯ ಹಾಡಿನಲ್ಲಷ್ಟೇ ಬಂದಿದ್ದರೆ ಅದನ್ನು ‘ಏಳನೇ ಕಕ್ಷೆ’ ಧಾರಾಳವಾಗಿ ಅಲ್ಲಗಳೆಯಬಹುದು. ಬೀಳುವ ದೃಶ್ಯವನ್ನೇ ಆಟಗಾರ ನೋಡಿದ್ದರೆ ಆ ಸ್ವಾತಂತ್ರ್ಯ ಇಲ್ಲ. ಯಾರು ಹೇಳಿದರು ಎಂಬ ಕಾಲಂ ಇಲ್ಲದ ಕಡತದಲ್ಲಿ ಈ ಎರಡು ಸಾಲುಗಳು ಒಂದೇ ತೂಕದವಾಗಿ ಕಾಣುತ್ತವೆ, ಅಲ್ಲಿಂದಲೇ ಅರ್ಧದಷ್ಟು ಜಗಳಗಳು ಹುಟ್ಟುತ್ತವೆ.

ಲ್ಯೂಕಾಸ್ ಸಂಸ್ಥೆಯು 2000ದ ಸುಮಾರಿಗೆ ತನ್ನ ‘ಸ್ಟಾರ್ ವಾರ್ಸ್’ ಕಥೆಗಳಿಗಾಗಿ ‘ಹೋಲೋಕ್ರಾನ್’ ಎಂಬ ಒಳ ದತ್ತಕೋಶವನ್ನು ಕಟ್ಟಿ, ಕಾಲಕ್ರಮದಲ್ಲಿ ಸಂಗತಿಗಳಿಗೆ ದರ್ಜೆಗಳನ್ನು ಕೊಟ್ಟಿತು: ಚಲನಚಿತ್ರಗಳು ಎಲ್ಲಕ್ಕೂ ಮೇಲೆ, ದೂರದರ್ಶನ ಸರಣಿ ಅದರ ಕೆಳಗೆ, ಕಾದಂಬರಿ ಮತ್ತು ಗೇಮ್‌ಗಳು ಅದಕ್ಕೂ ಕೆಳಗೆ. 2014ರ ಏಪ್ರಿಲ್‌ನಲ್ಲಿ ಈ ಮೆಟ್ಟಿಲುಗಳನ್ನು ತೆಗೆದುಹಾಕಿ, ಹಳೆಯ ವಿಸ್ತೃತ ಕಥೆಗಳನ್ನೆಲ್ಲ ‘ಲೆಜೆಂಡ್ಸ್’ ಎಂಬ ಹೆಸರಿನಲ್ಲಿ ಪಕ್ಕಕ್ಕಿಡಲಾಯಿತು. ದರ್ಜೆಗಳ ಪದ್ಧತಿ ಆಕರ್ಷಕವಾಗಿ ಕಂಡರೂ ಎರಡೇ ಗೇಮ್‌ಗಳ ಜೋಡಿಗೆ ಅದನ್ನು ನಾನು ಸೂಚಿಸುವುದಿಲ್ಲ. ಒಂದು ಗೇಮ್ ಮೇಲು, ಇನ್ನೊಂದು ಕೀಳು ಎಂದೊಡನೆ ಕೆಳಗಿನ ಗೇಮ್‌ನ ಬರಹಗಾರರು ಸದಾ ಅನುಮತಿ ಕೇಳುವವರಾಗುತ್ತಾರೆ. ಗೇಮ್‌ಗಳ ನಡುವೆ ದರ್ಜೆ ಹಾಕುವ ಬದಲು ಸಂಗತಿಗಳ ನಡುವೆ ಹಾಕಬೇಕು: ಬೆಸುಗೆಯ ಹಾಳೆಯಲ್ಲಿರುವುದು ಅಲುಗದು, ಆಟಗಾರ ಕಂಡದ್ದು ಸುಲಭವಾಗಿ ಅಲುಗದು, ಪಾತ್ರ ಹೇಳಿದ್ದು ಅಲುಗಬಹುದು.

ಉಪಕರಣ ಯಾವುದಾದರೂ ಆದೀತು. ಸ್ಪ್ರೆಡ್‌ಶೀಟ್, ಆಬ್ಸಿಡಿಯನ್‌ನಂಥ ಟಿಪ್ಪಣಿ ತಂತ್ರಾಂಶ, ಸ್ಟುಡಿಯೊಗಳಲ್ಲಿ ಬಳಸುವ ಆರ್ಟಿಸಿ ಡ್ರಾಫ್ಟ್, ಇವುಗಳಲ್ಲಿ ಯಾವುದನ್ನು ಆರಿಸಿದರೂ ಬದಲಾವಣೆಯ ಇತಿಹಾಸ ಉಳಿಯುವಂತಿರಬೇಕು ಎಂಬುದೊಂದೇ ಷರತ್ತು. ಹೆಸರುಗಳ ಕಾಗುಣಿತಕ್ಕೆ ಬೇರೆ ಪಟ್ಟಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಆಡಿಸುವವರು ಪರಭಾಷೆಯ ಹೆಸರುಗಳನ್ನು ಒಮ್ಮೆ ಹೇಗೆ ಬರೆದರೋ ಕೊನೆಯವರೆಗೂ ಹಾಗೆಯೇ ಬರೆಯಲು ಇದು ನೆರವಾಗುತ್ತದೆ.

ಐದನೆಯ ಹೆಜ್ಜೆ: ಸಾಕ್ಷಿಗಳನ್ನು ಬಳಸುವುದು, ಅತಿಯಾಗದಂತೆ

ಎಲ್ಡರ್ ಸ್ಕ್ರೋಲ್ಸ್ ಸರಣಿಯ ಗೇಮ್‌ಗಳಲ್ಲಿ ಕಪಾಟುಗಳ ತುಂಬ ಓದಬಹುದಾದ ಪುಸ್ತಕಗಳಿರುತ್ತವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬ ರಾಜನ ಸಾವಿಗೆ ಎದುರಾಳಿ ಪಂಥಗಳ ಇತಿಹಾಸಕಾರರು ಬೇರೆ ಬೇರೆ ಕಾರಣ ಕೊಡುತ್ತಾರೆ. ಇಲ್ಲಿ ಹೊಂದದಿರುವುದು ದೋಷವಲ್ಲ, ಏಕೆಂದರೆ ಬರೆದವನ ಹೆಸರು ಮುಖಪುಟದಲ್ಲೇ ಇದೆ. ಕನ್ನಡ ಓದುಗರಿಗೆ ಇದು ಹೊಸದೇನಲ್ಲ: ಹತ್ತನೆಯ ಶತಮಾನದ ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರ ಹೆಂಡತಿ. ಎರಡನ್ನೂ ಓದುವ ನಾವು ಯಾವುದನ್ನಾದರೂ ತಿದ್ದಬೇಕೆಂದು ಹೊರಡುವುದಿಲ್ಲ. ಹೇಳುವ ಕವಿ ಯಾರು, ಅವನ ಆಶ್ರಯದಾತ ಯಾರು ಎಂಬುದು ಗೊತ್ತಿದೆ.

ಆದರೆ ಈ ಉಪಾಯಕ್ಕೆ ಒಂದು ಮಿತಿ ಇದೆ, ಅದನ್ನು ಮೀರಿದವರು ಆಟಗಾರರ ವಿಶ್ವಾಸವನ್ನು ಕಳೆದುಕೊಳ್ಳುತ್ತಾರೆ. ವ್ಯಕ್ತಿಗಳ ಉದ್ದೇಶ, ಯುದ್ಧದ ಕಾರಣ, ವಂಶದ ಹಿರಿಮೆ, ದೈವಗಳ ಸ್ವಭಾವ, ಇವುಗಳ ಬಗ್ಗೆ ಸಾಕ್ಷಿಗಳು ಎಷ್ಟಾದರೂ ಸುಳ್ಳು ಹೇಳಲಿ. ನುಡಿಗಲ್ಲು ಹೇಗೆ ಕೆಲಸ ಮಾಡುತ್ತದೆ, ಅದರ ಬೆಲೆಯೇನು ಎಂಬುದರ ಬಗ್ಗೆ ಆಟದ ನಡಾವಳಿಯೇ ಸುಳ್ಳು ಹೇಳಕೂಡದು. ಪಾತ್ರ ತಪ್ಪಾಗಿ ವಿವರಿಸಬಹುದು. ಆಟಗಾರ ಕಲ್ಲನ್ನು ಮುಟ್ಟಿದಾಗ ಆಗುವುದು ಮಾತ್ರ ಎರಡೂ ಗೇಮ್‌ಗಳಲ್ಲಿ ಒಂದೇ ಆಗಿರಬೇಕು. ಎಲ್ಲ ವಿರೋಧವನ್ನೂ ‘ಹೇಳಿದವನು ತಪ್ಪು ತಿಳಿದಿದ್ದ’ ಎಂದು ತೇಲಿಸುವುದು ಸೋಮಾರಿತನವೆಂದೇ ನನ್ನ ಅಭಿಪ್ರಾಯ.

ಆರನೆಯ ಹೆಜ್ಜೆ: ಆಟಗಾರನ ಆಯ್ಕೆಗಳನ್ನು ಏನು ಮಾಡುವುದು

ಕಾದಂಬರಿಕಾರನಿಗಿಲ್ಲದ ತಲೆನೋವು ಇದು. ‘ಕರಿಹೊಳೆ’ಗೆ ನಾಲ್ಕು ಅಂತ್ಯಗಳಿದ್ದರೆ 3,000 ವರ್ಷಗಳ ಆಚೆಗಿನ ‘ಏಳನೇ ಕಕ್ಷೆ’ ಯಾವುದನ್ನು ನಿಜವೆಂದು ಹಿಡಿಯಬೇಕು? ಚಾಲ್ತಿಯಲ್ಲಿರುವ ದಾರಿಗಳನ್ನು ನೋಡೋಣ.

ಒಂದನ್ನು ಆರಿಸಿ ಅದೇ ನಡೆದದ್ದು ಎಂದು ಘೋಷಿಸುವುದು ಸರಳವಾದ ದಾರಿ. ‘ಡಾನ್ ಆಫ್ ವಾರ್: ಡಾರ್ಕ್ ಕ್ರುಸೇಡ್’ (2006) ಗೇಮ್‌ನಲ್ಲಿ ಏಳು ಪಕ್ಷಗಳಲ್ಲಿ ಯಾವುದನ್ನಾದರೂ ಗೆಲ್ಲಿಸಬಹುದಿತ್ತು, ಮುಂದಿನ ಕಥೆ ಬ್ಲಡ್ ರೇವನ್ಸ್ ಗೆದ್ದರೆಂದು ಹಿಡಿಯಿತು. ಎಲ್ಲವೂ ನಡೆದವು ಎನ್ನುವುದು ಧೈರ್ಯದ ದಾರಿ. 1996ರ ‘ಡ್ಯಾಗರ್‌ಫಾಲ್’ನ ಪರಸ್ಪರ ವಿರುದ್ಧವಾದ ಅಂತ್ಯಗಳೆಲ್ಲ ಒಂದೇ ಕಾಲದಲ್ಲಿ ಸಂಭವಿಸಿದವು, ಕಾಲವೇ ಬಿರುಕು ಬಿಟ್ಟಿತ್ತು ಎಂದು ನಂತರದ ಗೇಮ್‌ಗಳು ವಿವರಿಸಿದವು, ಆ ಬಿರುಕು ಸರಣಿಯ ಅತ್ಯಂತ ಪ್ರಿಯವಾದ ಲೋರ್‌ಗಳಲ್ಲಿ ಒಂದಾಯಿತು. ಇದು ಒಮ್ಮೆ ಮಾತ್ರ ಬಳಸಬಹುದಾದ ಅಸ್ತ್ರ. ಎರಡನೆಯ ಸಲ ಬಳಸಿದರೆ ಆಟಗಾರನಿಗೆ ತನ್ನ ಯಾವ ಆಯ್ಕೆಗೂ ಬೆಲೆಯಿಲ್ಲವೆಂದು ತೋರುತ್ತದೆ. ಮೂರನೆಯದು ದೂರ ಹೋಗುವುದು. 2012ರ ‘ಮ್ಯಾಸ್ ಎಫೆಕ್ಟ್ 3’ರ ಅಂತ್ಯಗಳು ಇಡೀ ನಕ್ಷತ್ರಪುಂಜದ ಹಣೆಬರಹವನ್ನೇ ಬದಲಿಸುವಂಥವು; 2017ರ ‘ಆಂಡ್ರೊಮಿಡಾ’ದ ಹಡಗುಗಳು ಆ ಘಟನೆಗಳಿಗೆ ಮೊದಲೇ ಹೊರಟು ಬೇರೊಂದು ನಕ್ಷತ್ರಪುಂಜವನ್ನು ಸೇರಿದವು. ಆಟಗಾರನ ಉಳಿಕೆ ಕಡತವನ್ನೇ (ಸೇವ್ ಫೈಲ್) ಮುಂದಿನ ಗೇಮ್‌ಗೆ ತರುವ ದಾರಿಯೂ ಇದೆ, ಆದರೆ ಫ್ಯಾಂಟಸಿಯಿಂದ ವೈಜ್ಞಾನಿಕ ಕಥೆಗೆ ಸಾವಿರಾರು ವರ್ಷ ದಾಟುವ ಜೋಡಿಗೆ ಅದು ಖರ್ಚಿಗೆ ತಕ್ಕ ಫಲ ಕೊಡುವುದಿಲ್ಲ.

ದೀರ್ಘ ಅಂತರವಿರುವ ಜೋಡಿಗೆ ನಾನು ಸೂಚಿಸುವುದು ಬೇರೆ: ನಾಲ್ಕೂ ಅಂತ್ಯಗಳಿಗೆ ಸಾಮಾನ್ಯವಾದ ಒಂದು ಪರಿಣಾಮವನ್ನು ಮೊದಲೇ ನೆಟ್ಟಿರುವುದು. ಯಾರೇ ಪಟ್ಟಕ್ಕೇರಲಿ, ಯಾರೇ ಸಾಯಲಿ, ‘ಕರಿಹೊಳೆ’ಯ ಕೊನೆಯಲ್ಲಿ ದೊಡ್ಡ ನುಡಿಗಲ್ಲು ಒಡೆಯುತ್ತದೆ. 3,000 ವರ್ಷಗಳ ನಂತರ ಉಳಿಯುವುದು ಆ ಒಡಕು ಮಾತ್ರ, ಅರಸರ ಹೆಸರುಗಳಲ್ಲ. ಹೀಗೆ ಮಾಡಿದರೆ ಆಟಗಾರನ ಆಯ್ಕೆಯನ್ನು ಅಲ್ಲಗಳೆಯುವ ಪ್ರಸಂಗವೇ ಬರುವುದಿಲ್ಲ.

ಸಮುದಾಯದ ಸಾಮೂಹಿಕ ಫಲಿತಾಂಶವನ್ನು ಕಥೆಗೆ ಸೇರಿಸುವ ಯೋಚನೆಯಿದ್ದರೆ ಎಚ್ಚರಿಕೆ. ಗೇಮ್ಸ್ ವರ್ಕ್‌ಶಾಪ್ 2003ರಲ್ಲಿ 40,000ಕ್ಕಾಗಿ ‘ಐ ಆಫ್ ಟೆರರ್’, 2004ರಲ್ಲಿ ಫ್ಯಾಂಟಸಿಗಾಗಿ ‘ಸ್ಟಾರ್ಮ್ ಆಫ್ ಕೇಯಾಸ್’ ಎಂಬ ಜಾಗತಿಕ ಅಭಿಯಾನಗಳನ್ನು ನಡೆಸಿ, ಆಟಗಾರರು ಕಳಿಸಿದ ಫಲಿತಾಂಶಗಳಿಂದ ಕಥೆ ಮುಂದುವರಿಯುತ್ತದೆ ಎಂದಿತು. ಎರಡನೆಯದರಲ್ಲಿ ಫಲಿತಾಂಶ ಯೋಜಿತ ಕಥೆಗೆ ಹೊಂದಲಿಲ್ಲ. ಮುಂದೆ 2014-15ರ ‘ಎಂಡ್ ಟೈಮ್ಸ್’ ಮತ್ತು 2017ರ ಕೇಡಿಯಾ ಗ್ರಹದ ಪತನದ ಕಥೆಗಳಲ್ಲಿ ಆ ಯುದ್ಧಗಳನ್ನು ಹೊಸದಾಗಿಯೇ ಹೇಳಲಾಯಿತು. ಆಟಗಾರರಿಗೆ ಬಿಟ್ಟುಕೊಡುವುದಾದರೆ ಅಂಚಿನ ಸಂಗತಿಗಳನ್ನು ಬಿಟ್ಟುಕೊಡಿ, ಬೆಸುಗೆಯನ್ನಲ್ಲ.

ಏಳನೆಯ ಹೆಜ್ಜೆ: ಬೇಕೆಂದೇ ಬಿಟ್ಟ ಖಾಲಿ ಜಾಗಗಳು

40,000ದಲ್ಲಿ ಚಕ್ರವರ್ತಿಯ 20 ಪುತ್ರರಾದ ಪ್ರೈಮಾರ್ಕ್‌ಗಳಲ್ಲಿ ಎರಡನೆಯವನ ಮತ್ತು ಹನ್ನೊಂದನೆಯವನ ದಾಖಲೆಗಳು ಅಳಿಸಿಹೋಗಿವೆ. ದಶಕಗಳಿಂದ ಅಭಿಮಾನಿಗಳು ಆ ಎರಡು ಖಾಲಿ ಜಾಗಗಳಲ್ಲಿ ಏನೇನೋ ತುಂಬುತ್ತಿದ್ದಾರೆ. ದಾಖಲೆ ಅಳಿಸಿಹೋದ ಆ ಇಬ್ಬರು ಪುತ್ರರಲ್ಲೊಬ್ಬ ಫ್ಯಾಂಟಸಿ ಲೋಕದ ಸಿಗ್ಮಾರ್ ಎಂಬ ಊಹೆಯೂ ಹಳೆಯದೇ. ಸಂಸ್ಥೆ ಅದನ್ನು ಕಥೆಯಾಗಿಸಿಲ್ಲ, ಆ ಜಾಗಗಳನ್ನು ತುಂಬಿಯೂ ಇಲ್ಲ. ನಿಮ್ಮ ಕಡತದಲ್ಲೂ ‘ಇದನ್ನು ಯಾರೂ ವಿವರಿಸಕೂಡದು’ ಎಂಬ ಪುಟ್ಟ ಪಟ್ಟಿಯಿರಲಿ, ಏಕೆ ವಿವರಿಸಕೂಡದೆಂಬ ಕಾರಣವೂ ಪಕ್ಕದಲ್ಲಿರಲಿ. ಕಾರಣ ಬರೆದಿರದಿದ್ದರೆ ಎರಡು ವರ್ಷಗಳ ನಂತರ ತಂಡಕ್ಕೆ ಸೇರಿದ ಉತ್ಸಾಹಿಯೊಬ್ಬರು ಅದನ್ನು ಮರೆವು ಎಂದು ಭಾವಿಸಿ ತುಂಬಿಬಿಡುತ್ತಾರೆ.

ಎಂಟನೆಯ ಹೆಜ್ಜೆ: ಬದಲಿಸಲೇಬೇಕಾದಾಗ

ಎಷ್ಟು ಕಾದರೂ ಒಂದಲ್ಲ ಒಂದು ದಿನ ಹಳೆಯ ಸಂಗತಿಯನ್ನು ತಿದ್ದಬೇಕಾಗುತ್ತದೆ. ವಾರ್‌ಕ್ರಾಫ್ಟ್‌ನ 2007ರ ‘ಬರ್ನಿಂಗ್ ಕ್ರುಸೇಡ್’ ವಿಸ್ತರಣೆಯು ಡ್ರಾನೈ ಎಂಬ ಜನಾಂಗವನ್ನು ಆಯಾಮಗಳ ನಡುವೆ ಹಾರುವ ಹಡಗಿನಲ್ಲಿ ಫ್ಯಾಂಟಸಿ ಲೋಕಕ್ಕೆ ತಂದಿಳಿಸಿತು. ಜನರನ್ನು ಕೆರಳಿಸಿದ್ದು ಹಡಗಲ್ಲ. ಡ್ರಾನೈಗಳ ಮೂಲ ಕುಲವಾದ ಎರೆಡಾರ್‌ಗಳು ದೈವಸಮಾನನಾದ ಸಾರ್ಗೆರಸ್‌ನನ್ನು ಕೆಡಿಸಿದರೆಂದು ಹಿಂದಿನ ಲೋರ್ ಹೇಳಿತ್ತು, ಹೊಸ ಕಥೆಯಲ್ಲಿ ಸಾರ್ಗೆರಸ್ ಅವರನ್ನು ಕೆಡಿಸಿದ್ದ. ಕಥೆಯ ಹೊಣೆ ಹೊತ್ತಿದ್ದ ಕ್ರಿಸ್ ಮೆಟ್ಜೆನ್ ಇದು ತಮ್ಮ ಕಣ್ತಪ್ಪೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ವಿಜ್ಞಾನದ ಅಂಶ ಫ್ಯಾಂಟಸಿಗೆ ಬಂದಾಗ ಕೂಡ ಆಟಗಾರರು ಮೊದಲು ಗಮನಿಸುವುದು ಕಾರಣ ಮತ್ತು ಪರಿಣಾಮಗಳ ಸರಪಳಿಯನ್ನೇ ಎಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ತಿದ್ದುವಾಗ ಘಟನೆಯನ್ನು ಹಾಗೆಯೇ ಉಳಿಸಿ ಅದರ ಕಾರಣವನ್ನೋ ಅದನ್ನು ಹೇಳಿದವನ ತಿಳುವಳಿಕೆಯನ್ನೋ ಬದಲಿಸುವುದು ಉತ್ತಮ. 40,000ದ ಬಾಹ್ಯಾಕಾಶದ ಕುಳ್ಳರಾದ ‘ಸ್ಕ್ವಾಟ್’ಗಳು 1990ರ ದಶಕದಲ್ಲಿ ಆಟದಿಂದ ಮರೆಯಾದರು, ಟೈರನಿಡ್ ಎಂಬ ಅನ್ಯಲೋಕದ ಜೀವಿಗಳು ಅವರನ್ನು ನುಂಗಿದವೆಂಬ ಮಾತು ಉಳಿಯಿತು. 2022ರಲ್ಲಿ ಅವರು ‘ಲೀಗ್ಸ್ ಆಫ್ ವೋಟಾನ್’ ಎಂಬ ಹೆಸರಿನಲ್ಲಿ ಮರಳಿದಾಗ, ನಕ್ಷತ್ರಪುಂಜದ ನಡುಗರ್ಭದಲ್ಲಿ ಅವರು ಯಾವಾಗಲೂ ಇದ್ದೇ ಇದ್ದರು, ಹೊರಗಿನವರಿಗೆ ಸರಿಯಾಗಿ ಗೊತ್ತಿರಲಿಲ್ಲ ಎಂಬ ನೆಲೆಯನ್ನು ಹಿಡಿಯಲಾಯಿತು.

ಆಟಗಾರರೇ ತಪ್ಪು ಹಿಡಿದಾಗ ವಾದಕ್ಕಿಳಿಯಬಾರದು. ಬ್ಲಿಜಾರ್ಡ್‌ನ 2010ರ ಬ್ಲಿಜ್‌ಕಾನ್ ಸಮ್ಮೇಳನದಲ್ಲಿ ಕೆಂಪು ಅಂಗಿ ತೊಟ್ಟ ಅಭಿಮಾನಿಯೊಬ್ಬರು ವಾರ್‌ಕ್ರಾಫ್ಟ್‌ನ ಫಾಲ್‌ಸ್ಟಾಡ್ ವೈಲ್ಡ್‌ಹ್ಯಾಮರ್ ಎಂಬ ಪಾತ್ರ ಇರಬೇಕಾದ ಸ್ಥಾನದಲ್ಲಿ ಏಕಿಲ್ಲವೆಂದು ಕೇಳಿದರು. ಸಂಸ್ಥೆ ಫಾಲ್‌ಸ್ಟಾಡ್‌ನನ್ನು ಆ ಸ್ಥಾನಕ್ಕೆ ತಂದದ್ದಲ್ಲದೆ, ಅವನ ಪಕ್ಕದಲ್ಲಿ ಕೆಂಪು ಅಂಗಿಯ ‘ಸಂಗತಿ ಪರಿಶೀಲಕ’ ಕುಳ್ಳನೊಬ್ಬನನ್ನೂ ನಿಲ್ಲಿಸಿತು.

ಒಂಬತ್ತನೆಯ ಹೆಜ್ಜೆ: ನಂಟನ್ನು ಯಾವಾಗ, ಯಾರಿಗೆ ತೋರಿಸುವುದು

ಫೋರ್ಜ್ ಎಡವಿದ್ದು ಇಲ್ಲಿ. ಎರಡು ಗೇಮ್‌ಗಳಿಗೆ ಮೂರು ಬಗೆಯ ಆಟಗಾರರಿರುತ್ತಾರೆ: ಮೊದಲನೆಯದನ್ನಷ್ಟೇ ಆಡಿದವರು, ಎರಡನೆಯದನ್ನಷ್ಟೇ ಆಡಿದವರು, ಎರಡನ್ನೂ ಆಡಿದವರು. ನಂಟನ್ನು ತೋರಿಸುವ ಪ್ರತಿ ದೃಶ್ಯವನ್ನೂ ಈ ಮೂವರ ಕಣ್ಣಿನಿಂದ ಓದಿ ನೋಡಬೇಕು. ‘ಕರಿಹೊಳೆ’ಯಲ್ಲಿ ಬಾಹ್ಯಾಕಾಶದ ಕುರುಹು ಬರುವುದಾದರೆ ಅದು ಆ ಲೋಕದ ಭಾಷೆಯಲ್ಲೇ ಬರಲಿ: ಲೋಹದ ಬಾಗಿಲಿರುವ ಗುಹೆ, ಅದಕ್ಕೆ ಕುಂಕುಮ ಹಚ್ಚಿ ಪೂಜಿಸುವ ಊರು. ಅದು ಮೊದಲ ಗಂಟೆಗಳಲ್ಲೇ, ಸಣ್ಣದಾಗಿ ಬರಲಿ. ಹತ್ತಾರು ಗಂಟೆ ಕತ್ತಿ ಹಿಡಿದವನ ಕೈಗೆ ಮುನ್ಸೂಚನೆಯಿಲ್ಲದೆ ಬಂದೂಕು ಕೊಡುವುದು ಬೇಡ. ಕಥೆಯ ಮುಖ್ಯ ಬಾಗಿಲು ತೆರೆಯಲು ಇನ್ನೊಂದು ಗೇಮ್‌ನ ತಿಳಿವಳಿಕೆ ಬೇಕೇಬೇಕು ಎನ್ನುವಂತಾದರೆ ಆ ದೃಶ್ಯವನ್ನು ತಿರುಗಿ ಬರೆಯಬೇಕು.

ಹತ್ತನೆಯ ಹೆಜ್ಜೆ: ತಾಳೆ ನೋಡುವ ಕೆಲಸ

ಯಂತ್ರ ಮಾಡಬಲ್ಲದ್ದನ್ನು ಯಂತ್ರಕ್ಕೆ ಬಿಡಿ. ಕಡತ ಸಾಲುಸಾಲಾಗಿದ್ದರೆ, ಸತ್ತ ವರ್ಷದ ನಂತರ ಕಾಣಿಸಿಕೊಳ್ಳುವ ಪಾತ್ರ, ತಾಯಿಗಿಂತ ಹಿರಿಯ ಮಗ, ಪಟ್ಟಿಯಲ್ಲಿಲ್ಲದ ಕಾಗುಣಿತ ಮೊದಲಾದವನ್ನು ಹುಡುಕುವ ಸಣ್ಣ ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ಕಾರಣ-ಪರಿಣಾಮಗಳ ವಿರೋಧವನ್ನು ಮಾತ್ರ ಮನುಷ್ಯರೇ ಓದಿ ಹಿಡಿಯಬೇಕು. ಅದಕ್ಕಾಗಿ ಒಂದು ಗೇಮ್‌ನ ಬರಹಗಾರರು ಇನ್ನೊಂದರ ಕರಡನ್ನು ಓದುವ ಅದಲುಬದಲಿನ ಪದ್ಧತಿ ಒಳ್ಳೆಯದು.

ಹೊರಗಿನವರಿಗೆ ಕಾದಂಬರಿ, ಕಾಮಿಕ್ಸ್ ಬರೆಯಲು ಕೊಡುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. 2012ರ ‘ಮ್ಯಾಸ್ ಎಫೆಕ್ಟ್: ಡಿಸೆಪ್ಷನ್’ ಕಾದಂಬರಿಯಲ್ಲಿ ಲೋರ್‌ಗೆ ಹೊಂದದ ಸಂಗತಿಗಳನ್ನು ಅಭಿಮಾನಿಗಳು ಉದ್ದದ ಪಟ್ಟಿ ಮಾಡಿ ಪ್ರಕಟಿಸಿದರು, ಆ ಗೇಮ್ ತಯಾರಿಸಿದ ಬಯೋವೇರ್ ಮತ್ತು ಕಾದಂಬರಿಯ ಪ್ರಕಾಶಕರು ಕ್ಷಮೆ ಕೇಳಿ, ತಿದ್ದುವ ಮಾತು ಕೊಡಬೇಕಾಯಿತು. ಅಂಥ ಬರಹಗಾರರಿಗೆ ಸಾವಿರ ಪುಟದ ವಿಕಿಯನ್ನು ಒಪ್ಪಿಸುವುದರಿಂದ ಪ್ರಯೋಜನವಿಲ್ಲ. ಬೆಸುಗೆಯ ಹಾಳೆ, ಅವರ ಕಥೆ ನಡೆಯುವ ಕಾಲ-ದೇಶಗಳಿಗೆ ಸೇರಿದ ಸಾಲುಗಳು, ಮುಟ್ಟಬಾರದ ಖಾಲಿ ಜಾಗಗಳ ಪಟ್ಟಿ, ಇವಿಷ್ಟನ್ನು ಕೊಟ್ಟು, ಪೂರ್ತಿ ಕರಡಿಗೆ ಮುನ್ನ ಕಥಾಸಾರವನ್ನೇ ಒಮ್ಮೆ ತರಿಸಿಕೊಂಡು ಓದಬೇಕು. ಗೇಮ್‌ನೊಳಗಿನ ಸಂಭಾಷಣೆಗಾದರೆ ಕೊನೆಯ ಓದು ಧ್ವನಿಮುದ್ರಣಕ್ಕೆ ಮೊದಲೇ ಮುಗಿದಿರಬೇಕು, ಏಕೆಂದರೆ ಆಮೇಲೆ ಒಂದು ಇಸವಿಯನ್ನು ತಿದ್ದುವುದಕ್ಕೂ ಕಲಾವಿದರನ್ನು ಮತ್ತೆ ಕರೆಸಬೇಕಾಗುತ್ತದೆ. ಪದೇಪದೇ ಬದಲಾಗಬಹುದಾದ ಅಂಕಿಗಳನ್ನು ಆಡುವ ಮಾತಿನಲ್ಲಿ ಇಡದೆ, ಪರದೆಯ ಮೇಲಿನ ಬರಹದಲ್ಲಿ ಇಟ್ಟರೆ ಆ ಖರ್ಚೂ ತಪ್ಪುತ್ತದೆ.